ಪಂಪ್ ಅವರ ಕೈಗೆ ಕೊಡಿ, ನೀವು ಸುಮ್ಮನೆ ನೋಡಿ

ಆ ಯಜಮಾನರು ಒಂದೇ ತಿಂಗಳಲ್ಲಿ ಮೂರನೇ ಸಲ ಏದುಸಿರು ಬಿಡುತ್ತಾ ಬಂದಿದ್ದರು. ಅರವತ್ತು ದಾಟಿದ ವಯಸ್ಸು. ತೆಂಗಿನ ತೋಟದ ಕೆಲಸ. ಮೂವತ್ತು ವರ್ಷ ಬೀಡಿ ಸೇದಿ, ಆಮೇಲೆ ಬಿಟ್ಟವರು. ಎರಡು ತಿಂಗಳ ಹಿಂದೆ ಅವರಿಗೆ ಸೇದುವ ಪುಡಿಯ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಗುಣ ಕಾಣಲಿಲ್ಲ ಅಂತ ನಡುವೆ ಒಮ್ಮೆ ಡಾಕ್ಟರ್ ಡೋಸ್ ಕೂಡ ಏರಿಸಿದ್ದರು. "ಒಂದಿನಾನೂ ತಪ್ಪಿಸಿಲ್ಲ ತಾಯಿ" ಎಂದು ಡಬ್ಬಿ ತೆಗೆದು ತೋರಿಸಿದರು. ಎಣಿಸಿ ನೋಡಿದೆ, ಲೆಕ್ಕ ಸರಿಯಾಗಿತ್ತು. ಅವತ್ತು ಯಾಕೋ ನಾನು "ಎಲ್ಲಿ, ನನ್ನೆದುರಿಗೆ ಒಂದು ತಗೊಳ್ಳಿ ನೋಡೋಣ" ಎಂದೆ. ಅವರು ಕ್ಯಾಪ್ಸೂಲನ್ನು ಅಂಗೈಗೆ ಹಾಕಿಕೊಂಡು "ಒಂದ್ಲೋಟ ನೀರು ಕೊಡ್ತೀರಾ?" ಎಂದರು.

ಪುಡಿ ಸೇದುವ ರೋಟಾಹೇಲರ್ ಅವರ ಮನೆಯ ಗೋಡೆಗೂಡಿನಲ್ಲಿ ಪ್ಯಾಕೆಟ್ ಒಡೆಯದೆ ಕೂತಿತ್ತು. ಮೊದಲ ದಿನ ಅವರಿಗೆ ಡಬ್ಬಿ ಕೊಟ್ಟವಳು ನಾನೇ. "ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು ಮಾತ್ರೆ" ಎಂದು ಹೇಳಿದವಳೂ ನಾನೇ. ಅವರು ನನ್ನ ಮಾತನ್ನು ಒಂದಕ್ಷರ ಬಿಡದೆ ಪಾಲಿಸಿದ್ದರು. ಎರಡು ತಿಂಗಳು ಆ ಮನುಷ್ಯ ಉಸಿರಿಗೆ ಒದ್ದಾಡಿದ್ದು ನನ್ನ ಒಂದು ಪದದಿಂದ. ಆ ನೋವು ಇನ್ನೂ ಹೋಗಿಲ್ಲ.

ನಾನು ನರ್ಸ್. ತೆಂಗು ಬೆಳೆಯುವ ಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಇಲ್ಲಿ ದಮ್ಮಿನವರು ಜಾಸ್ತಿ. ಬೀಡಿ ಸೇದಿದ ಗಂಡಸರು ಒಂದು ಕಡೆ. ಬೀಡಿಯನ್ನು ಕೈಯಲ್ಲೂ ಮುಟ್ಟದ ಹೆಂಗಸರು ಇನ್ನೊಂದು ಕಡೆ. ಮಟ್ಟೆ, ಚಿಪ್ಪು, ಗರಿ ಉರಿಸಿ ನಲವತ್ತು ವರ್ಷ ಒಲೆ ಮುಂದೆ ಕೂತವರ ಶ್ವಾಸಕೋಶ ಬೀಡಿ ಸೇದಿದವರ ಹಾಗೇ ಹಾಳಾಗುತ್ತದೆ. ಇವರಲ್ಲಿ ಬಹಳ ಜನಕ್ಕೆ ನಾವು ಕೊಡುವ ಮುಖ್ಯ ಔಷಧಿ ಇನ್ಹೇಲರ್. ಜನ ಕರೆಯುವುದು ಪಂಪ್ ಅಂತ.

ಈ ಪಂಪ್ ಹಿಡಿಯಲು ಇನ್ನೊಬ್ಬರಿಗೆ ಕಲಿಸುವ ಎಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ನನ್ನ ಹಾಗೆ ನರ್ಸ್ ಇರಬಹುದು, ಆಶಾ ಕಾರ್ಯಕರ್ತೆ ಇರಬಹುದು, ಮೆಡಿಕಲ್ ಸ್ಟೋರಿನಲ್ಲಿ ಕೂರುವವರಿರಬಹುದು. ಅಪ್ಪನಿಗೆ ಪಂಪ್ ಬರೆಸಿಕೊಂಡು ಮನೆಗೆ ಬಂದ ಮಗಳೂ ಇರಬಹುದು. ಯಾವ ಔಷಧಿ, ಎಷ್ಟು ಅನ್ನುವುದು ಡಾಕ್ಟರ್ ಕೆಲಸ. ಅದು ಎದೆಯೊಳಗೆ ಇಳಿಯುವ ಹಾಗೆ ಮಾಡುವುದು ನಮ್ಮ ಕೆಲಸ.

ಕೇಳಬೇಡಿ, ಮಾಡಿಸಿ

"ಪಂಪ್ ಹೊಡೆಯೋಕೆ ಬರುತ್ತಾ?" ಎಂದು ಕೇಳಿದರೆ ಎಲ್ಲರೂ "ಬರುತ್ತೆ" ಅಂತಾರೆ. ಸುಳ್ಳು ಹೇಳುತ್ತಿಲ್ಲ, ಬರುತ್ತೆ ಎಂದೇ ನಂಬಿರುತ್ತಾರೆ. ಅಸ್ತಮಾ ಚಿಕಿತ್ಸೆಗೆ ಜಗತ್ತಿನ ತಜ್ಞರು ಸೇರಿ ಬರೆಯುವ ಜೀನಾ ಮಾರ್ಗಸೂಚಿಯ ಪ್ರಕಾರ, 70ರಿಂದ 80 ಶೇಕಡದಷ್ಟು ರೋಗಿಗಳಿಗೆ ಇನ್ಹೇಲರನ್ನು ಸರಿಯಾಗಿ ಬಳಸಲು ಬರುವುದಿಲ್ಲ. ತಾವು ತಪ್ಪು ಮಾಡುತ್ತಿದ್ದೇವೆ ಎನ್ನುವುದೂ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಕಲಿಸಬೇಕಾದ ನಮ್ಮಂಥವರಲ್ಲೂ ಬಹಳ ಜನಕ್ಕೆ ಸರಿಯಾಗಿ ಮಾಡಿ ತೋರಿಸಲು ಬರುವುದಿಲ್ಲ ಎಂದು ಅದರಲ್ಲೇ ಇದೆ. ಅದಕ್ಕೇ ಮೊದಲು ನೀವು ಕಲಿಯಿರಿ. ಕನ್ನಡಿ ಮುಂದೆ ನಿಂತು ಹತ್ತು ಸಲ ಮಾಡಿ. ಔಷಧಿಯಿಲ್ಲದ ಡೆಮೊ ಪಂಪ್ ಸಿಕ್ಕರೆ ಒಳ್ಳೆಯದು, ಕಂಪನಿಯವರನ್ನು ಕೇಳಿದರೆ ಕೊಡುತ್ತಾರೆ. ಆದರೆ ನೀವು ಬಾಯಿಗಿಟ್ಟ ಡೆಮೊ ಪಂಪನ್ನು ರೋಗಿಗೆ ಕೊಡಬೇಡಿ. ಅವರು ಅವರದ್ದರಲ್ಲೇ ಮಾಡಲಿ.

ರೋಗಿ ಕುರ್ಚಿಯಲ್ಲಿ ಕೂತ ಮೇಲೆ ನಾನು ಹೇಳುವುದು ಒಂದೇ ಮಾತು: "ಮನೇಲಿ ಹೇಗೆ ತಗೊಳ್ತೀರೋ ಹಾಗೇ ತಗೊಳ್ಳಿ ಅಮ್ಮ, ನಾನು ನೋಡ್ತೀನಿ." ಆಮೇಲೆ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಕಷ್ಟ ಇರುವುದು ಇದರಲ್ಲೇ. ಅವರು ಮುಚ್ಚಳ ತೆಗೆಯಲು ಮರೆತರೂ, ತಲೆಕೆಳಗಾಗಿ ಹಿಡಿದರೂ, ಪೂರ್ತಿ ಮುಗಿಯುವವರೆಗೆ ತಡೆಯುವುದಿಲ್ಲ. ನಡುವೆ ಬಾಯಿ ಹಾಕಿದರೆ ಅವರ ಮನೆಯಲ್ಲಿ ನಿಜವಾಗಿ ಏನು ನಡೆಯುತ್ತಿದೆ ಅನ್ನುವುದು ಗೊತ್ತಾಗುವುದೇ ಇಲ್ಲ. ಮುಗಿದ ಮೇಲೆ ಮೊದಲು ಸರಿ ಇದ್ದದ್ದನ್ನು ಹೇಳಿ. "ತುಟಿ ಚೆನ್ನಾಗಿ ಮುಚ್ಚಿದ್ರಿ, ಒಂದೇ ಒಂದು ಕಡೆ ತಿದ್ದೋಣ." ಐದು ತಪ್ಪಿದ್ದರೂ ಒಂದು ಸಲಕ್ಕೆ ಒಂದೋ ಎರಡೋ. ಮಾಡಿ ತೋರಿಸಿ, ಮತ್ತೆ ಅವರಿಂದ ಮಾಡಿಸಿ. ಎರಡು ಮೂರು ನಿಮಿಷದ ಕೆಲಸ ಇದು. ಉದ್ದನೆ ಸಾಲು ಇದೆ, ಟೈಮ್ ಇಲ್ಲ ಎಂದು ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಅದೇ ರೋಗಿ ರಾತ್ರಿ ಎರಡಕ್ಕೆ ಆಕ್ಸಿಜನ್‌ಗಾಗಿ ಬಂದಾಗ ಎಷ್ಟು ಟೈಮ್ ಹಿಡಿಯುತ್ತದೆ, ಅಲ್ವಾ?

ಪದಗಳ ಬಗ್ಗೆ ಎಚ್ಚರ. ಕ್ಯಾಪ್ಸೂಲನ್ನು ಮಾತ್ರೆ ಎನ್ನಬೇಡಿ. "ಸೇದೋ ಪುಡಿ" ಎನ್ನಿ, "ಇದನ್ನ ನುಂಗಬಾರದು" ಎಂದು ಸೇರಿಸಿ ಹೇಳಿ. ಡಬ್ಬಿಯ ಮೇಲೂ ದಪ್ಪಗೆ ಬರೆಯಿರಿ. ಓದಲು ಬಾರದವರಿದ್ದರೆ ಮನೆಯಲ್ಲಿ ಓದುವವರನ್ನು ಕರೆಸಿ ಹೇಳಿ.

ಭಯ ಇಳಿಯದೆ ಔಷಧಿ ಇಳಿಯುವುದಿಲ್ಲ

ಎಷ್ಟೇ ಚೆನ್ನಾಗಿ ಕಲಿಸಿದರೂ, ಮನಸ್ಸಿನಲ್ಲಿ ಹೆದರಿಕೆ ಇದ್ದರೆ ಪಂಪ್ ಗೂಡು ಸೇರುತ್ತದೆ. ನಮ್ಮ ಕಡೆ ಕೇಳಿಬರುವ ಮಾತುಗಳು ಮೂರು. "ಒಂದ್ಸಲ ಪಂಪ್ ಹಿಡಿದರೆ ಬಿಡೋಕಾಗಲ್ಲ." "ಪಂಪ್ ಕೊಟ್ಟರು ಅಂದ್ರೆ ಕೊನೇ ಹಂತ." "ಅದು ತುಂಬಾ ಸ್ಟ್ರಾಂಗ್, ಮಾತ್ರೆನೇ ಕೊಡಿ."

ಮೂರನೆಯದಕ್ಕೆ ನಾನು ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸುತ್ತೇನೆ. ತಕ್ಷಣ ಉಸಿರು ಬಿಡಿಸುವ ಸಾಲ್ಬುಟಮಾಲ್ ಎಂಬ ಔಷಧಿಯ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ. ಅದೇ ಔಷಧಿ ಪಂಪಿನ ಒಂದು ಸಲದ ಒತ್ತಿಗೆ, ಅಂದರೆ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಎರಡು ಪಫ್ ತಗೊಂಡರೂ 200. ಮಾತ್ರೆಯಲ್ಲಿರುವುದು ಅದರ ಇಪ್ಪತ್ತು ಪಟ್ಟು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲಾ ಸುತ್ತಿ ಎದೆಗೆ ಬರಬೇಕು. ಕೈ ನಡುಗುವುದು, ಎದೆ ಡವಡವ ಅನ್ನುವುದು ಅದಕ್ಕೇ ಜಾಸ್ತಿ. ನಮ್ಮೂರಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ತೋಟಕ್ಕೆಲ್ಲಾ ನೀರು ಹಾಯಿಸುವುದು ಬೇರೆ, ಮರದ ಬುಡಕ್ಕೆ ಡ್ರಿಪ್ ಬಿಡುವುದು ಬೇರೆ.

ಚಟದ ಮಾತಿಗೆ, "ಬಿಪಿ ಮಾತ್ರೆ ದಿನಾ ನುಂಗೋರನ್ನ ಚಟ ಹಿಡಿದೋರು ಅಂತೀವಾ?" ಎಂದು ಕೇಳುತ್ತೇನೆ. ಕೊನೇ ಹಂತದ ಮಾತಿಗೆ ವಾದ ಮಾಡುವುದಿಲ್ಲ. ಪಂಪ್ ಹಿಡಿದು ಹತ್ತು ವರ್ಷದಿಂದ ತೋಟ ಮಾಡುತ್ತಿರುವ ಇನ್ನೊಬ್ಬ ರೋಗಿ ಅದೇ ಸಾಲಿನಲ್ಲಿ ಕೂತಿದ್ದರೆ ಪಕ್ಕಕ್ಕೆ ಕೂರಿಸುತ್ತೇನೆ. ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದಿಗೆ ಮೀನಿನ ಔಷಧಿ ನುಂಗಲು ಹೋಗುವವರೂ ಇದ್ದಾರೆ. ಅವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ನಿಮಗೆ ಹೇಳದೆ ಹೋಗುತ್ತಾರೆ. "ಹೋಗೋದಾದ್ರೂ ಪಂಪ್ ಜೇಬಲ್ಲಿರಲಿ, ನಿಲ್ಲಿಸಬೇಡಿ" ಎನ್ನಿ.

ಸ್ಪ್ರೇ ಪಂಪ್

ಇದು ಹುಟ್ಟಿದ ಕಥೆ ನನಗೆ ಇಷ್ಟ. ಅಮೆರಿಕದ ರೈಕರ್ ಎಂಬ ಔಷಧಿ ಕಂಪನಿಯ ಮುಖ್ಯಸ್ಥನ ಮಗಳಿಗೆ ಅಸ್ತಮಾ ಇತ್ತು. ಹದಿಮೂರು ವರ್ಷದ ಹುಡುಗಿ. ಕೂದಲಿಗೆ ಹಾಕುವ ಸ್ಪ್ರೇ ಥರ ನನ್ನ ಔಷಧಿಯನ್ನೂ ಯಾಕೆ ಮಾಡಬಾರದು ಎಂದು ಅಪ್ಪನನ್ನು ಕೇಳಿದಳಂತೆ. 1956ರಲ್ಲಿ ಮೊದಲ ಸ್ಪ್ರೇ ಪಂಪ್ ಮಾರುಕಟ್ಟೆಗೆ ಬಂತು. ರೋಗಿಯೇ ಕೇಳಿ ಹುಟ್ಟಿಸಿದ ಸಾಧನ ಇದು.

ಈಗ ಕಲಿಸುವ ಕ್ರಮ. ನೇರವಾಗಿ ಕೂರಿಸಿ ಅಥವಾ ನಿಲ್ಲಿಸಿ. ಬಗ್ಗಿ ಕೂತರೆ ಎದೆ ತುಂಬುವುದಿಲ್ಲ. ಮುಚ್ಚಳ ತೆಗೆಸಿ, ಬಾಯಿಗಿಡುವ ತೂತಿನೊಳಗೆ ಒಮ್ಮೆ ನೋಡಲು ಹೇಳಿ. ಮುಚ್ಚಳವಿಲ್ಲದೆ ಚೀಲದಲ್ಲಿ ಬಿದ್ದಿದ್ದರೆ ಅಡಕೆ ಚೂರೋ ನಾಣ್ಯವೋ ಸೇರಿಕೊಂಡಿರಬಹುದು. ಆಮೇಲೆ ಚೆನ್ನಾಗಿ ಅಲ್ಲಾಡಿಸಬೇಕು. ಎಷ್ಟೋ ಪಂಪ್‌ಗಳಲ್ಲಿ ಔಷಧಿ ಸಣ್ಣ ಪುಡಿಯಾಗಿ, ಮಜ್ಜಿಗೆ ತಳ ಕಟ್ಟಿದ ಹಾಗೆ ಕೆಳಗೆ ಕೂತಿರುತ್ತದೆ. ಹೊಸ ಪಂಪ್ ಆಗಿದ್ದರೆ, ಇಲ್ಲವೇ ಬಹಳ ದಿನ ಮುಟ್ಟದೆ ಇಟ್ಟಿದ್ದರೆ, ಒಳಗಿನ ಕಾಗದದಲ್ಲಿ ಹೇಳಿದಷ್ಟು ಸಲ ಗಾಳಿಗೆ ಒತ್ತಿ ಬಿಡಬೇಕು.

ಮುಂದಿನದು ಎಲ್ಲರೂ ಬಿಟ್ಟುಬಿಡುವ ಹೆಜ್ಜೆ: ಪಂಪ್ ಬಾಯಿಗಿಡುವ ಮೊದಲು ಉಸಿರು ಪೂರ್ತಿ ಹೊರಗೆ ಬಿಡುವುದು. ತುಂಬಿದ ಕೊಡಕ್ಕೆ ನೀರು ಹಿಡಿಯುತ್ತದೆಯೇ? ಆದಷ್ಟು ಖಾಲಿ ಮಾಡಿ, ತಕ್ಷಣ ಪಂಪನ್ನು ಹಲ್ಲಿನ ನಡುವೆ ಇಟ್ಟು ತುಟಿ ಬಿಗಿಯಾಗಿ ಮುಚ್ಚಬೇಕು. ನಾಲಿಗೆ ಅಡ್ಡ ಬರಬಾರದು. ಗಲ್ಲ ಒಂದು ಚೂರು ಮೇಲೆ. ಈಗ ಬಾಯಿಂದ ನಿಧಾನವಾಗಿ ಉಸಿರು ಎಳೆಯಲು ಶುರು ಮಾಡಬೇಕು. ಶುರುವಾದ ಕೂಡಲೇ ಒಂದು ಸಲ ಒತ್ತಬೇಕು. ಒತ್ತಿದ ಮೇಲೂ ಎಳೆಯುವುದನ್ನು ನಿಲ್ಲಿಸಬಾರದು. ನಾನು ಪಕ್ಕದಲ್ಲಿ ಬೆರಳು ಮಡಚುತ್ತಾ ಎಣಿಸುತ್ತೇನೆ, ಒಂದು, ಎರಡು, ಮೂರು, ನಾಲ್ಕು. ಅಷ್ಟು ನಿಧಾನ. ಎದೆ ತುಂಬಿದ ಮೇಲೆ ಪಂಪ್ ತೆಗೆದು, ಬಾಯಿ ಮುಚ್ಚಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಶ್ವಾಸಕೋಶ ತುಂಬಾ ಹಾಳಾದವರಿಗೆ ಹತ್ತು ಆಗುವುದಿಲ್ಲ. ಐದಾದರೆ ಐದು, ಹಿಂಸೆ ಮಾಡಬೇಡಿ. ಎರಡನೇ ಪಫ್ ಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ, ಮೊದಲಿಂದ.

ನೀವು ಕಣ್ಣಿಡಬೇಕಾದ ಜಾಗಗಳು ಇವು. ತುಟಿಯ ಸಂದಿಯಿಂದಲೋ ಮೂಗಿನಿಂದಲೋ ಬಿಳಿ ಹೊಗೆ ಬಂದರೆ ಔಷಧಿ ಒಳಗೆ ಹೋಗಿಲ್ಲ. ಕೆನ್ನೆ ಒಳಕ್ಕೆ ಎಳೆದುಕೊಂಡರೆ ಅವರು ಬಾಯಲ್ಲಿ ಚೀಪುತ್ತಿದ್ದಾರೆ, ಎದೆಯಿಂದ ಎಳೆಯುತ್ತಿಲ್ಲ. ಬೀಡಿ ಸೇದಿದವರಲ್ಲಿ ಇದು ತುಂಬಾ. ಬೀಡಿಯ ದಮ್ಮು ಸಣ್ಣದು, ಮೊದಲು ಬಾಯಿಗೆ ಬರುತ್ತದೆ. ಅದೇ ಅಭ್ಯಾಸದಲ್ಲಿ ಪಂಪನ್ನೂ ಚೀಪುತ್ತಾರೆ. "ಬೀಡಿ ಥರ ಎಳೀರಿ" ಎಂದು ಹೇಳಿಕೊಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ. ಅವರ ಕೈಯನ್ನು ಅವರದೇ ಹೊಟ್ಟೆಯ ಮೇಲೆ ಇಡಿಸಿ, "ಈ ಕೈ ಮುಂದಕ್ಕೆ ಬರಬೇಕು" ಎನ್ನಿ. ಬೇಗ ಹಿಡಿಯುತ್ತಾರೆ.

ಗಂಟು ನೋವಿನಿಂದ ಬೆರಳು ಸೊಟ್ಟಗಾದ ಅಜ್ಜಿಯರಿಗೆ ಒಂದು ಕೈಯಲ್ಲಿ ಒತ್ತಲು ಶಕ್ತಿ ಸಾಲದು. ಎರಡೂ ಹೆಬ್ಬೆರಳು ಕೆಳಗೆ, ಎರಡೂ ತೋರುಬೆರಳು ಮೇಲೆ ಇಡಿಸಿ. ಅದೂ ಆಗದಿದ್ದರೆ ಒತ್ತುವ ಕೆಲಸ ಮೊಮ್ಮಗನಿಗೆ ಕೊಡಿ, ಸ್ಪೇಸರ್ ಹಾಕಿ.

ಸ್ಪೇಸರ್ ಇದ್ದರೆ ಅರ್ಧ ಕಷ್ಟ ಇಲ್ಲ

ಸ್ಪೇಸರ್ ಅಂದರೆ ಪಂಪ್ ಮತ್ತು ಬಾಯಿಯ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ. ಪಂಪಿನಿಂದ ಔಷಧಿ ಚಿಮ್ಮುವ ವೇಗ ಜೋರು. ನೇರವಾಗಿ ಬಾಯಿಗೆ ಹೊಡೆದರೆ ಬಹುಪಾಲು ಗಂಟಲ ಹಿಂಭಾಗಕ್ಕೆ ಬಡಿದು ಅಲ್ಲೇ ಅಂಟುತ್ತದೆ. ಸ್ಪೇಸರಿನಲ್ಲಿ ಆ ವೇಗ ಇಳಿಯುತ್ತದೆ, ದಪ್ಪ ಹನಿಗಳು ಗೋಡೆಗೆ ಅಂಟುತ್ತವೆ, ಸಣ್ಣವು ಉಸಿರಿನ ಜೊತೆ ಎದೆಗೆ ಹೋಗುತ್ತವೆ. ಒತ್ತುವುದು, ಎಳೆಯುವುದು ಒಂದೇ ಕ್ಷಣಕ್ಕೆ ಕೂಡಿ ಬರಬೇಕೆಂಬ ಗೋಜಲು ಇಲ್ಲ. ನನ್ನನ್ನು ಕೇಳಿದರೆ ಸ್ಪ್ರೇ ಪಂಪ್ ಹಿಡಿದ ಪ್ರತಿಯೊಬ್ಬರ ಮನೆಯಲ್ಲೂ ಇದು ಇರಬೇಕು. ಔಷಧಿಯನ್ನು ಆವಿ ಮಾಡಿ ಕೊಡುವ ಯಂತ್ರವಾದ ನೆಬ್ಯುಲೈಸರ್‌ನ ಬಿಳಿ ಆವಿ ಕಂಡರೆ ಮಾತ್ರ ಔಷಧಿ ಹೋಯಿತು ಎಂದು ನಂಬುವವರು ಬಹಳ. ಮಧ್ಯಮ ತೀವ್ರತೆಯ ದಮ್ಮಿಗೆ ಸ್ಪೇಸರ್ ಹಾಕಿ ಕೊಟ್ಟ ಪಂಪ್ ಅದರಷ್ಟೇ ಕೆಲಸ ಮಾಡುತ್ತದೆ.

ಪಂಪ್ ಅಲ್ಲಾಡಿಸಿ ಸ್ಪೇಸರಿನ ಹಿಂಭಾಗಕ್ಕೆ ಸಿಕ್ಕಿಸಿ. ಉಸಿರು ಹೊರಗೆ ಬಿಟ್ಟು, ಮುಂಭಾಗ ಬಾಯಿಗಿಟ್ಟು ತುಟಿ ಮುಚ್ಚಿ. ಒಂದು ಸಲ ಒತ್ತಿ. ಕೂಡಲೇ ನಿಧಾನವಾಗಿ, ಆಳವಾಗಿ ಎಳೆದು, ಹಿಡಿಯಿರಿ. ಹಾಗೆ ಆಗದವರು ಬಾಯಿಂದ ತೆಗೆಯದೆ ಮಾಮೂಲಿನಂತೆ ಐದು ಉಸಿರು ಆಡಿದರೂ ಸಾಕು. ಆದರೆ ಅದಕ್ಕೆ ವಾಲ್ವ್ ಇರುವ ಸ್ಪೇಸರ್ ಬೇಕು. ವಾಲ್ವ್ ಟಿಕ್ ಟಿಕ್ ಎಂದು ಅಲ್ಲಾಡುವುದನ್ನು ಕೇಳಿಸಿಕೊಳ್ಳಿ. ಶಬ್ದ ಇಲ್ಲದಿದ್ದರೆ ಅವರು ಮೂಗಿನಲ್ಲಿ ಉಸಿರಾಡುತ್ತಿರಬಹುದು. ಎರಡು ಪಫ್ ಬರೆದಿದ್ದಾರೆ ಎಂದು ಒಂದೇ ಸಲ ಎರಡು ಒತ್ತುವುದು ಬೇಡ. ಎರಡೂ ಸೇರಿ ಗೋಡೆಗೆ ಅಂಟುತ್ತವೆ. ಸಣ್ಣ ಮಕ್ಕಳಿಗೆ ಇದೇ ಸ್ಪೇಸರಿಗೆ ಮಾಸ್ಕ್ ಸೇರಿಸುತ್ತೇವೆ. ಮಾಸ್ಕ್ ಮೂಗು ಬಾಯಿಗೆ ಸಂದಿಯಿಲ್ಲದೆ ಕೂತಿರಬೇಕು.

ತೊಳೆಯುವುದನ್ನು ಹೇಳಿಕೊಡದೆ ಕಳಿಸಬೇಡಿ. ಒಬ್ಬ ಸೊಸೆ ಅತ್ತೆಯ ಸ್ಪೇಸರನ್ನು ವಾರಕ್ಕೊಮ್ಮೆ ತೊಳೆದು, ಸೆರಗಿನಿಂದ ಉಜ್ಜಿ ಉಜ್ಜಿ ಫಳಫಳ ಮಾಡಿ ತರುತ್ತಿದ್ದಳು. ಅಷ್ಟು ಅಕ್ಕರೆ. ಆದರೆ ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಬಾಚಣಿಗೆ ತಲೆಗೆ ಉಜ್ಜಿದರೆ ಕಾಗದದ ಚೂರು ಅಂಟಿದ ಹಾಗೆ ಔಷಧಿ ಗೋಡೆಗೆ ಅಂಟುತ್ತದೆ. ಬೆಚ್ಚಗಿನ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಅದರಲ್ಲಿ ಅದ್ದಿ, ಹಾಗೇ ಗಾಳಿಗೆ ಒಣಗಲು ಇಟ್ಟರೆ ಸಾಕು. ಒರೆಸಬಾರದು. ಹೊಸದನ್ನೂ ಮೊದಲ ಸಲ ಬಳಸುವ ಮುಂಚೆ ಹೀಗೆ ತೊಳೆಯಿರಿ. ವಾಲ್ವ್ ಸೀಳಿದರೆ, ಕೊಳವೆ ಬಿರುಕು ಬಿಟ್ಟರೆ ಬದಲಾಯಿಸಿ.

ಕೊಳ್ಳಲು ಆಗದವರಿದ್ದಾರೆ. 1999ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನ ಮಕ್ಕಳ ವೈದ್ಯರು 500 ಮಿಲಿಲೀಟರ್‌ನ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನೇ ಸ್ಪೇಸರ್ ಮಾಡಿ ಅಸ್ತಮಾ ಮಕ್ಕಳಿಗೆ ಕೊಟ್ಟು ನೋಡಿದರು. ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತನ್ನು ಬಾಟಲಿಯ ತಳಕ್ಕೆ ಮಾಡಿ, ಸಂದಿಯನ್ನು ಗಮ್ಮಿನಿಂದ ಮುಚ್ಚಿದ್ದರು. ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು. ತೂತಿನ ಅಂಚು ನುಣುಪಾಗಿರಲಿ, ಪ್ಲಾಸ್ಟಿಕ್ ಚೂರು ಒಳಗೆ ಉಳಿಯದಿರಲಿ. ಬಾಟಲಿ ತೊಳೆದು ಒಣಗಿಸಿ ಬಳಸಿ.

ಪುಡಿ ಸೇದುವ ಸಾಧನ

ಇಲ್ಲಿ ಎಲ್ಲಾ ಉಲ್ಟಾ. ಸ್ಪ್ರೇ ಪಂಪಿಗೆ ನಿಧಾನ, ಪುಡಿಗೆ ಜೋರು. ಸ್ಪ್ರೇಯನ್ನು ಅಲ್ಲಾಡಿಸಬೇಕು, ಪುಡಿಯನ್ನು ಅಲ್ಲಾಡಿಸಬಾರದು. ಪುಡಿಯನ್ನು ತಳ್ಳಲು ಇದರಲ್ಲಿ ಗ್ಯಾಸ್ ಇಲ್ಲ. ರೋಗಿಯ ಉಸಿರಿನ ಎಳೆತವೇ ಅದನ್ನು ಒಡೆದು ಒಳಗೆ ಒಯ್ಯಬೇಕು. ಎಳನೀರು ಕುಡಿಯುವಾಗ ಸ್ಟ್ರಾದಲ್ಲಿ ಗಂಜಿ ಸಿಕ್ಕಿಕೊಂಡರೆ ಹೇಗೆ ಎಳೆಯುತ್ತೇವೆ? ಅಷ್ಟು ಬಲವಾಗಿ, ಮೊದಲ ಕ್ಷಣದಿಂದಲೇ. ಆದರೆ ಕೆನ್ನೆಯಿಂದ ಅಲ್ಲ, ಎದೆಯಿಂದ.

ರೋಟಾಹೇಲರ್ ಆದರೆ ನೆಟ್ಟಗೆ ಹಿಡಿದು, ಚೌಕ ತೂತಿಗೆ ಕ್ಯಾಪ್ಸೂಲಿನ ಪಾರದರ್ಶಕ ತುದಿ ಕೆಳಗೆ ಬರುವಂತೆ ಇಟ್ಟು, ತೂತಿನ ಅಂಚಿಗೆ ಸಮನಾಗುವಷ್ಟು ಒತ್ತಬೇಕು. ಆಮೇಲೆ ತಳವನ್ನು ತಿರುಗಿಸಿದರೆ ಕ್ಯಾಪ್ಸೂಲ್ ಎರಡಾಗುತ್ತದೆ. ಹೊರಗಿನಿಂದಲೇ ಕಾಣುತ್ತದೆ, ಅವರಿಗೂ ತೋರಿಸಿ. ರೆವೊಲೈಸರ್ ಥರದ್ದರಲ್ಲಿ ಕ್ಯಾಪ್ಸೂಲ್ ಇಟ್ಟು ಟಕ್ ಎಂದು ಮುಚ್ಚಿದರೆ ಒಳಗಿನ ಸೂಜಿ ಚುಚ್ಚುತ್ತದೆ. ಉಸಿರು ಹೊರಗೆ ಬಿಡುವುದು ಇಲ್ಲೂ ಇದೆ, ಆದರೆ ಮುಖ ಪಕ್ಕಕ್ಕೆ ತಿರುಗಿಸಿ. ಸಾಧನದೊಳಗೆ ಊದಿದರೆ ಪುಡಿ ಹಾರಿಹೋಗುತ್ತದೆ, ಬಾಯಿಯ ತೇವ ತಾಗಿ ಗಂಟು ಕಟ್ಟುತ್ತದೆ. ಜೋರಾಗಿ ಎಳೆದು ಹತ್ತು ಎಣಿಕೆ ಹಿಡಿದ ಮೇಲೆ ಬಿಚ್ಚಿ ನೋಡಬೇಕು. ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಲಿ. ಕ್ಯಾಪ್ಸೂಲನ್ನು ಡಬ್ಬಿಯಿಂದ ತೆಗೆಯುವುದು ಬಳಸುವ ಹೊತ್ತಿಗೆ ಮಾತ್ರ. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಪುಡಿ ತೇವ ಹೀರುತ್ತದೆ. ಬಚ್ಚಲ ಗೂಡಿನಲ್ಲಿ ಅಂತೂ ಇಡಲೇಬಾರದು. ಸಾಧನ ತೊಳೆದರೆ ಪೂರ್ತಿ ಒಣಗಿದ ಮೇಲೇ ಮತ್ತೆ ಬಳಸಿ.

ಅಷ್ಟು ಜೋರಾಗಿ ಎಳೆಯಲು ಆಗದವರಿದ್ದಾರೆ. ತುಂಬಾ ಸೊರಗಿದ ವಯಸ್ಸಾದವರು, ಪುಟ್ಟ ಮಕ್ಕಳು. ಮೂರು ಸಲ ಮಾಡಿಸಿದರೂ ಪುಡಿ ಉಳಿದರೆ ಅವರನ್ನು ಗದರಿಸಬೇಡಿ. ಡಾಕ್ಟರ್ ಹತ್ತಿರ ಹೋಗಿ "ಇವರಿಗೆ ಎಳೆಯೋ ಶಕ್ತಿ ಇಲ್ಲ, ಸ್ಪೇಸರ್ ಹಾಕಿ ಪಂಪ್ ಕೊಡ್ತೀರಾ ಸರ್?" ಎಂದು ನೀವೇ ಕೇಳಿ. ಒಬ್ಬರಿಗೇ ಒಂದು ಸ್ಪ್ರೇ, ಒಂದು ಪುಡಿ ಬರೆದಿದ್ದರೂ ಕೇಳಿ. ಒಂದಕ್ಕೆ ನಿಧಾನ, ಇನ್ನೊಂದಕ್ಕೆ ಜೋರು ಎಂದು ಎಪ್ಪತ್ತರ ಅಜ್ಜ ಹೇಗೆ ನೆನಪಿಟ್ಟುಕೊಳ್ಳಬೇಕು? ಎರಡನ್ನೂ ಒಂದೇ ಬಗೆಯ ಸಾಧನದಲ್ಲಿ ಕೊಡಲು ಎಷ್ಟೋ ಸಲ ಸಾಧ್ಯವಿರುತ್ತದೆ.

ಬಾಯಿ ಮುಕ್ಕಳಿಸುವುದು, ಲೆಕ್ಕ ಇಡುವುದು

ಸ್ಟೀರಾಯ್ಡ್ ಇರುವ ಪಂಪ್ ತಗೊಂಡ ಮೇಲೆ ಗಂಟಲವರೆಗೆ ನೀರು ಹಾಕಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ನಾಲಿಗೆಯ ಮೇಲೆ ಬೆಳ್ಳಗೆ ಫಂಗಸ್ ಬೆಳೆಯುತ್ತದೆ, ದನಿ ಒಡೆಯುತ್ತದೆ. ಉರಿ ಶುರುವಾದರೆ ಪಂಪನ್ನೇ ಬಿಡುತ್ತಾರೆ. ಬೆಳಿಗ್ಗೆ, ರಾತ್ರಿ ಹಲ್ಲುಜ್ಜುವ ಮುಂಚೆ ತಗೊಳ್ಳಿ ಎಂದು ಹೇಳಿದರೆ ಮರೆಯುವುದಿಲ್ಲ. ಬ್ರಷ್ ಇಡುವ ಲೋಟದ ಪಕ್ಕದಲ್ಲೇ ಪಂಪ್ ಇರಲಿ. ಪುಡಿಯಾದರೆ ಡಬ್ಬಿ ಮಾತ್ರ ಒಣ ಜಾಗದಲ್ಲಿ.

ಪಂಪ್ ಖಾಲಿಯಾಯಿತೇ ಎಂದು ಡಬ್ಬಿಯನ್ನು ನೀರಿನಲ್ಲಿ ತೇಲಿಸಿ ನೋಡುವವರಿದ್ದಾರೆ. ಅದರಿಂದ ಸರಿಯಾಗಿ ತಿಳಿಯುವುದಿಲ್ಲ, ನೀರು ಸೇರಿ ವಾಲ್ವ್ ಕೆಡಲೂಬಹುದು. ಔಷಧಿ ಮುಗಿದ ಮೇಲೂ ಒಂದಷ್ಟು ಸಲ ಬರೀ ಗ್ಯಾಸ್ ಬುಸ್ ಅನ್ನುತ್ತದೆ. ಕೌಂಟರ್ ಇದ್ದರೆ ಅದನ್ನು ಓದಲು ಕಲಿಸಿ. ಇಲ್ಲದಿದ್ದರೆ ಲೆಕ್ಕ ಮಾಡಿ. ಡಬ್ಬಿಯ ಮೇಲೆ 120 ಎಂದಿದೆ, ದಿನಕ್ಕೆ ನಾಲ್ಕು ಪಫ್, ಅಂದರೆ 30 ದಿನ. ಶುರು ಮಾಡಿದ ತಾರೀಕು, ಮುಗಿಯುವ ತಾರೀಕು ಎರಡನ್ನೂ ಡಬ್ಬಿಗೆ ಪಟ್ಟಿ ಅಂಟಿಸಿ ಬರೆದುಕೊಡಿ. ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಸಿ.

ಮನೆಯಲ್ಲಿ ಎರಡು ಪಂಪ್ ಇದ್ದರೆ ಗೊಂದಲ ಖಂಡಿತ. ಒಂದು ತಕ್ಷಣ ಉಸಿರು ಬಿಡಿಸುವುದು, ಕೆಲವೇ ನಿಮಿಷಕ್ಕೆ ಹಗುರ ಅನ್ನಿಸುತ್ತದೆ. ಇನ್ನೊಂದು ದಿನಾ ತಗೊಳ್ಳಬೇಕಾದ್ದು. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಗುಣ ಕಾಣಲು ದಿನಗಳು, ವಾರಗಳು ಬೇಕು. ಜನ ಮೊದಲನೆಯದನ್ನು ಪ್ರೀತಿಸಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ, ಸಹಜ. ಆದರೆ ದೊಡ್ಡವರ ಅಸ್ತಮಾವನ್ನು ಸಾಲ್ಬುಟಮಾಲ್ ಒಂದರಿಂದಲೇ ನೋಡಿಕೊಳ್ಳುವುದು ಬೇಡ ಎಂದು ಜೀನಾ 2019ರಿಂದ ಹೇಳುತ್ತಿದೆ. ಬಣ್ಣ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ನನ್ನ ಮೇಜಿನ ಡ್ರಾಯರಿನಲ್ಲಿ ಸ್ಟಿಕ್ಕರ್ ಬೊಟ್ಟಿನ ಹಾಳೆ ಇರುತ್ತದೆ. ದಿನಾ ತಗೊಳ್ಳುವುದಕ್ಕೆ ಹೊತ್ತಿಗೊಂದರಂತೆ ಎರಡು ಹಸಿರು ಬೊಟ್ಟು. ಕಷ್ಟ ಬಂದಾಗಿನದಕ್ಕೆ ಒಂದು ದೊಡ್ಡ ಕೆಂಪು ಬೊಟ್ಟು. ಓದು ಬಾರದ ಅಜ್ಜಿಯರು ಇದನ್ನು ಎಂದೂ ತಪ್ಪಿಸುವುದಿಲ್ಲ. ಬುಡೆಸೊನೈಡ್ ಎಂಬ ಸ್ಟೀರಾಯ್ಡ್, ಉಸಿರು ಬಿಡಿಸುವ ಫಾರ್ಮೊಟೆರಾಲ್ ಎರಡೂ ಸೇರಿದ ಒಂದೇ ಪಂಪನ್ನು ಎರಡಕ್ಕೂ ಬರೆಯುವುದುಂಟು. ಅದಕ್ಕೇ ಬೊಟ್ಟು ಅಂಟಿಸುವ ಮೊದಲು ಚೀಟಿ ಓದಿ.

ಉಸಿರು ಕಟ್ಟಿದಾಗ

ಇದನ್ನು ರೋಗಿಗಿಂತ ಮನೆಯವರಿಗೆ ಕಲಿಸಬೇಕು, ಯಾಕೆಂದರೆ ಆ ಹೊತ್ತಿನಲ್ಲಿ ರೋಗಿಗೆ ಏನೂ ತೋಚುವುದಿಲ್ಲ. ಮಲಗಿಸಬೇಡಿ, ನೇರ ಕೂರಿಸಿ. ಸುತ್ತ ಜನ ಮುತ್ತಿಕೊಳ್ಳದೆ ಗಾಳಿ ಬಿಡಿ. ಡಾಕ್ಟರ್ ಮೊದಲೇ ಬರೆದುಕೊಟ್ಟ ಕ್ರಮ ಇದ್ದರೆ ಅದನ್ನೇ ಮಾಡಿ. ಇಲ್ಲದಿದ್ದರೆ ಕೆಂಪು ಬೊಟ್ಟಿನ ಸಾಲ್ಬುಟಮಾಲ್ ಪಂಪನ್ನು ಸ್ಪೇಸರಿಗೆ ಹಾಕಿ, ಒಂದಾದ ಮೇಲೊಂದರಂತೆ ನಾಲ್ಕು ಪಫ್. ಪ್ರತಿ ಪಫ್‌ಗೂ ನಾಲ್ಕು ಉಸಿರು. ನಾಲ್ಕು ನಿಮಿಷ ಕಾದು, ಹಗುರಾಗದಿದ್ದರೆ ಮತ್ತೆ ನಾಲ್ಕು ಕೊಡಿ, ಆಗಲೇ 108ಕ್ಕೆ ಫೋನ್ ಮಾಡಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದಂತಾದರೆ ಕಾಯುವುದೇ ಬೇಡ. ಗಾಡಿ ಬರುವವರೆಗೆ ಪಂಪ್ ಕೊಡುತ್ತಲೇ ಇರಿ.

ಮತ್ತೆ ಕರೆಸಿ

ಚೆನ್ನಾಗಿ ಕಲಿತವರೂ ಮರೆಯುತ್ತಾರೆ. ನಾಲ್ಕರಿಂದ ಆರು ವಾರದಲ್ಲಿ ತಪ್ಪು ಮತ್ತೆ ನುಸುಳುತ್ತದೆ. ಅದಕ್ಕೇ ಬಂದಾಗಲೆಲ್ಲಾ ಪಂಪ್ ಜೊತೆಗೇ ಬರಲಿ. ನಾನು ಚೀಟಿಯ ಮೇಲೆ "ಪಂಪ್ ತನ್ನಿ" ಎಂದು ಬರೆಯುತ್ತೇನೆ, ಸ್ಪೇಸರ್ ಚಿತ್ರ ಬಿಡಿಸುತ್ತೇನೆ. ಜೊತೆಗೆ ಬಂದ ಹುಡುಗರ ಮೊಬೈಲಿನಲ್ಲಿ, ಅಜ್ಜಿ ಸರಿಯಾಗಿ ಮಾಡಿದ್ದನ್ನೇ ವಿಡಿಯೋ ಮಾಡಿಸುತ್ತೇನೆ. ನನ್ನ ವಿಡಿಯೋ ಅಲ್ಲ, ಅಜ್ಜಿಯದೇ. ಮನೆಯಲ್ಲಿ ಅನುಮಾನ ಬಂದರೆ ತನ್ನನ್ನೇ ನೋಡಿ ಮಾಡಬಹುದು.

ಡೋಸ್ ಏರಿಸುವ ಮಾತು ಬಂದಾಗಲೆಲ್ಲಾ, ಏರಿಸುವ ಮುಂಚೆ ಒಮ್ಮೆ ಕೈಗೆ ಪಂಪ್ ಕೊಟ್ಟು ನೋಡಿ. ನಮ್ಮ ಡಾಕ್ಟರಿಗೆ ನಾನು ಇದನ್ನು ಕೇಳಿಕೊಂಡೆ, ಅವರು ಒಪ್ಪಿದರು. ಈಗ ಅವರು ಚೀಟಿಯ ಮೂಲೆಯಲ್ಲಿ "ಸಿಸ್ಟರ್ ನೋಡಲಿ" ಎಂದು ಬರೆದು ನನ್ನ ಹತ್ತಿರ ಕಳಿಸುತ್ತಾರೆ. ನಾನು ನೋಡಿ, ಎಲ್ಲಿ ತಪ್ಪಿತ್ತು ಎಂಬುದನ್ನು ಅದರ ಕೆಳಗೇ ಬರೆಯುತ್ತೇನೆ: "ಉಸಿರು ಹೊರಗೆ ಬಿಡುತ್ತಿರಲಿಲ್ಲ", "ಸ್ಪೇಸರಿಗೆ ಎರಡು ಪಫ್ ಒಟ್ಟಿಗೆ". ಮುಂದಿನ ಸಲ ನಾನಿಲ್ಲದಿದ್ದರೂ, ಆ ಕುರ್ಚಿಯಲ್ಲಿ ಕೂತವರಿಗೆ ಮೊದಲು ಏನನ್ನು ನೋಡಬೇಕು ಎಂದು ಗೊತ್ತಾಗುತ್ತದೆ.

ನೀರು ಕೇಳಿದ ಆ ಯಜಮಾನರ ಚೀಟಿಯಲ್ಲಿ ಆ ದಿನ ಬರೆದದ್ದು "ನುಂಗುತ್ತಿದ್ದರು. ಸೇದಲು ಕಲಿಸಿದೆ. ಮೂರು ಸಲ ಸರಿಯಾಗಿ ಮಾಡಿದರು." ಡೋಸನ್ನು ಡಾಕ್ಟರ್ ಮೊದಲಿದ್ದಷ್ಟಕ್ಕೇ ಇಳಿಸಿದರು. ಆರು ವಾರ ಬಿಟ್ಟು ಬಂದಾಗ ಅವರು ರೋಟಾಹೇಲರನ್ನು ಅಂಗಿಯ ಜೇಬಿನಿಂದ ತೆಗೆದು, ನಾನು ಕೇಳುವ ಮುಂಚೆಯೇ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಹೊರಗೆ ಬಿಟ್ಟರು.